ಉಳುಕಿದ ಕಾಲಿಗೆ ಐಸಾ, ಬಿಸಿ ಶಾಖವಾ?

ನಿನ್ನೆ ಸಂಜೆ ಮೆಟ್ಟಿಲು ಇಳಿಯುವಾಗ ಅಮ್ಮನ ಕಾಲು ಉಳುಕಿ ಬಾತುಕೊಂಡಿದೆ, ಪಕ್ಕದ ಮನೆಯವರು ಉಪ್ಪಿನ ಗಂಟಿನ ಶಾಖ ಕೊಡಿ ಅಂತಿದ್ದಾರೆ, ಕೊಡಬಹುದಾ ಅಂತ ಕೇಳಿದ್ದೀರಿ. ಇವತ್ತು ಬೇಡ. ನಾಳೆಯೂ ಬೇಡ. ಹೊಸ ಪೆಟ್ಟಿಗೆ ಬಿಸಿ ತಾಗಿದರೆ ರಕ್ತನಾಳಗಳು ಹಿಗ್ಗಿ ಊತ ಇನ್ನೂ ಜಾಸ್ತಿಯಾಗುತ್ತದೆ. ಎಣ್ಣೆ ಹಚ್ಚಿ ತಿಕ್ಕುವುದೂ ಈಗ ಬೇಡ.

ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ತೆಗೆಯಿರಿ, ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಡಿ. ಚರ್ಮಕ್ಕೆ ನೇರವಾಗಿ ಇಡಲೇಬೇಡಿ, ಸುಟ್ಟ ಹಾಗೆ ಗಾಯವಾಗುತ್ತದೆ. ಕಾಲಿನ ಕೆಳಗೆ ಎರಡು ದಿಂಬು ಇರಲಿ.

ಒಂದು ಮಾತು, ಐಸ್ ನೋವು ತಗ್ಗಿಸುತ್ತದೆ ಅಷ್ಟೇ, ಬೇಗ ವಾಸಿ ಮಾಡುತ್ತದೆ ಅಂತಲ್ಲ. 1978ರಲ್ಲಿ ಪೆಟ್ಟಿಗೆ ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತಿಡುವುದು ಅಂತ ಸೂತ್ರ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ ಆಮೇಲೆ, ಐಸ್ ಜಾಸ್ತಿಯಾದರೆ ವಾಸಿಯಾಗುವುದು ತಡವಾಗಬಹುದು ಅಂದರು. ಹಾಗಾಗಿ ಮೊದಲ ಎರಡು ದಿನ ಸಾಕು.

ಊತ ಇಳಿದು ಬರೀ ಬಿಗಿತ ಉಳಿದಾಗ ಉಪ್ಪಿನ ಗಂಟಿನ ಶಾಖ ಕೊಡಿ, ಆಗ ಅದು ನಿಜಕ್ಕೂ ಹಿತ. ಹಳೆಯ ಸೊಂಟನೋವಿಗೂ ಶಾಖವೇ ಸರಿ.

ಅಮ್ಮನಿಗೆ ಶುಗರ್ ಇದ್ದು ಪಾದ ಜೋಮು ಹಿಡಿಯುತ್ತಿದ್ದರೆ ಐಸ್, ಶಾಖ ಎರಡನ್ನೂ ಡಾಕ್ಟರನ್ನು ಕೇಳದೆ ಮಾಡಬೇಡಿ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಹರಡಿನ ಮೂಳೆ ಒತ್ತಿದಾಗ ನೋವಾದರೆ, ಇವತ್ತೇ ಎಕ್ಸ್‌ರೇ ತೆಗೆಸಿ.