ಸಂಪಾದಕರ ಉತ್ತರ: ಸರ್ಕಾರ ಬಿದ್ದ ಊರಿನ ಕಾರು

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ನಾನು ಕೊಡಗಿನ ಸೋಮವಾರಪೇಟೆ ಕಡೆಯ ಸಣ್ಣ ಬೆಳೆಗಾರ. ಹದಿನೈದು ವರ್ಷದಿಂದ ನಿಮ್ಮ ಪತ್ರಿಕೆ ತರಿಸುತ್ತಿದ್ದೇನೆ. ಈ ಸಲ ಕಾಫಿಗೆ ಒಳ್ಳೆ ರೇಟು ಸಿಕ್ಕಿತು. ತೋಟಕ್ಕೆ ಒಂದು ಗಟ್ಟಿ ಫೋರ್ ವೀಲ್ ಗಾಡಿ ಬೇಕು. ಪರಿಚಯದವರ ಮೂಲಕ ಒಬ್ಬ ಏಜೆಂಟ್ ಸಿಕ್ಕಿದ್ದಾನೆ. ನೇಪಾಳದಲ್ಲಿ ಗಲಾಟೆ ಆದ ಮೇಲೆ ದೊಡ್ಡವರೆಲ್ಲ ಗಾಡಿ ಮಾರುತ್ತಿದ್ದಾರಂತೆ. 2012ರ ಟೊಯೋಟಾ ಪ್ರಾಡೊ, ಒಂಬತ್ತು ಲಕ್ಷ. ಗೋರಖ್‌ಪುರದ ದಾರಿಯಲ್ಲಿ ಐದೇ ದಿನಕ್ಕೆ ಪೇಪರ್ ಸಮೇತ ಮನೆ ಬಾಗಿಲಿಗೆ ತರುತ್ತಾನಂತೆ. 'ಸರ್ಕಾರ ಬಿದ್ದಿದೆ, ರೇಟೂ ಬಿದ್ದಿದೆ, ಇದೇ ಟೈಮು' ಅಂತಾನೆ. ಮನೆಯವಳು ಬೇಡ ಅಂತಾಳೆ. ತಗೊಳ್ಳಬಹುದೇ? ಕಾರಿನ ಫೋಟೋ ಇಟ್ಟಿದ್ದೇನೆ. ಹೆಸರು ಹಾಕಬೇಡಿ."

ಮೊದಲು ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಹೇಳಿದ್ದೇ ಸರಿ. ಇಷ್ಟು ಬರೆದು ಸಹಿ ಹಾಕಿದರೂ ಉತ್ತರ ಆಗುತ್ತಿತ್ತು. ಆದರೆ ಹದಿನೈದು ವರ್ಷದ ಓದುಗರು ನೀವು. ನಾನು ಒಂದು ಸಾಲಿಗೆ ನಿಲ್ಲಿಸುವವನಲ್ಲ ಎಂದು ಗೊತ್ತಿದ್ದೇ ಬರೆದಿದ್ದೀರಿ, ಅಲ್ವಾ?

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಹೊರದೇಶದ ಹಳೇ ಕಾರು ತರುವುದಕ್ಕೆ ನಮ್ಮಲ್ಲಿ ನಿಯಮ ಇದೆ. ತಯಾರಾಗಿ ಮೂರು ವರ್ಷ ದಾಟಿರಬಾರದು. ಸ್ಟೇರಿಂಗ್ ಬಲಗಡೆ ಇರಬೇಕು. ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡುವ ತಾಕತ್ತು ಇರಬೇಕು. ಮತ್ತೆ, ಮುಂಬೈ ಬಂದರಿನಿಂದಲೇ ಒಳಗೆ ಬರಬೇಕು. ನೇಪಾಳಕ್ಕೆ ಸಮುದ್ರವೇ ಇಲ್ಲ. ಅಂದರೆ ಕಠ್ಮಂಡುವಿನ ಕಾರು ಯಾವುದೋ ಬಂದರು ಹುಡುಕಿಕೊಂಡು ಹೋಗಿ, ಹಡಗು ಹತ್ತಿ, ಮುಂಬೈಯಲ್ಲಿ ಇಳಿದು, ಆಮೇಲೆ ಸೋಮವಾರಪೇಟೆಗೆ ಬರಬೇಕು. ನಿಮ್ಮ ಏಜೆಂಟ್ ಹೇಳುವ ಗೋರಖ್‌ಪುರದಲ್ಲಿ ಸಮುದ್ರ ಎಲ್ಲಿದೆಯೋ ಅವನನ್ನೇ ಕೇಳಿ. ನಿಮ್ಮ ಪ್ರಾಡೊಗಂತೂ ಹತ್ತು ವರ್ಷ ಯಾವಾಗಲೋ ದಾಟಿದೆ.

ಇನ್ನು ಸುಂಕ. ಹಳೇ ಕಾರಿನ ಮೇಲೆ ಬಹಳ ವರ್ಷ ಮೂಲ ಸುಂಕವೇ ನೂರಕ್ಕೆ 125 ಇತ್ತು, ಅದರ ಮೇಲೆ ಸರ್‌ಚಾರ್ಜ್ ಬೇರೆ. 2025ರ ಬಜೆಟ್‌ನಲ್ಲಿ ಸುಂಕ ಇಳಿಸಿದೆವು ಅಂದರು. ಇಳಿಸಿದಷ್ಟನ್ನೂ ಸೆಸ್ ಅನ್ನುವ ಹೆಸರಿನಲ್ಲಿ ಇನ್ನೊಂದು ಜೇಬಿಗೆ ಹಾಕಿಕೊಂಡರು. ಹೊರೆ ಹಾಗೇ ಉಳಿಯಿತು. ಒಂಬತ್ತು ಲಕ್ಷದ ಗಾಡಿಗೆ ಹನ್ನೆರಡು ಲಕ್ಷಕ್ಕೂ ಜಾಸ್ತಿ ಸುಂಕ. ಮೇಲೆ ಜಿಎಸ್‌ಟಿ. ಅದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ರಸ್ತೆ ಹೇಗಿರುತ್ತವೆ ಎಂದು ನೆನೆಸಿಕೊಂಡರೆ, ಇಷ್ಟು ವಸೂಲಿ ಮಾಡುವ ಸರ್ಕಾರದ ಮೇಲೆ ನಿಮಗೆ ಸಿಟ್ಟು ಬರುವುದು ನ್ಯಾಯವೇ. ಗಟ್ಟಿ ಗಾಡಿಯ ಆಸೆಯೂ ತಪ್ಪಲ್ಲ. ಜುಲೈ ತಿಂಗಳಲ್ಲಿ ಗೊಬ್ಬರದ ಮೂಟೆ ಹೊತ್ತು ಕೆಸರು ಏರುವ ಗಾಡಿ ಬೇಕು ಅನ್ನುವವನಿಗೆ ಷೋಕಿ ಮಾಡ್ತಾನೆ ಅನ್ನೋಕಾಗಲ್ಲ. ಒಪ್ಪಿದೆ. ಒಪ್ಪಿ ಮುಂದಕ್ಕೆ ಹೋಗುತ್ತೇನೆ.

ನನಗೆ ಚುಚ್ಚಿದ್ದು ಬೇರೆ. 'ಸರ್ಕಾರ ಬಿದ್ದಿದೆ, ರೇಟೂ ಬಿದ್ದಿದೆ.' ಇದು ಏಜೆಂಟನ ಮಾತು, ನಿಮ್ಮದಲ್ಲ. ಆದರೆ ನೀವು ಅದನ್ನು ಸ್ವಲ್ಪ ಖುಷಿಯಿಂದಲೇ ಬರೆದಿದ್ದೀರಿ ಅನ್ನಿಸಿತು. ಅಕ್ಷರ ದಪ್ಪ ಆಗಿದೆ.

ಮೊದಲನೆಯದಾಗಿ ಅದು ಸುಳ್ಳು. ನೇಪಾಳದಲ್ಲಿ ಕಾರಿನ ಮೇಲಿನ ತೆರಿಗೆ ನಮಗಿಂತ ಎಷ್ಟೋ ಜಾಸ್ತಿ. ನಮ್ಮಲ್ಲಿ ಸಾಧಾರಣ ಅನ್ನಿಸುವ ಕಾರಿಗೆ ಅಲ್ಲಿ ನಮ್ಮ ದುಡ್ಡಿನಲ್ಲೇ ಬಹಳ ಜಾಸ್ತಿ ಕೊಡಬೇಕು. ಅಷ್ಟು ಕೊಟ್ಟು ತೆಗೆದುಕೊಂಡವನು ನಿಮಗೆ ಒಂಬತ್ತು ಲಕ್ಷಕ್ಕೆ ಪ್ರಾಡೊ ಕೊಡುತ್ತಾನಾ? ಶ್ರೀಲಂಕಾ ನೋಡಿ. 2020ರಲ್ಲಿ ವಾಹನ ಆಮದು ನಿಲ್ಲಿಸಿದರು. 2022ರ ಜುಲೈಯಲ್ಲಿ ಅಧ್ಯಕ್ಷರೇ ದೇಶ ಬಿಟ್ಟು ಹೋದರು. ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ. ಹಾಗಂತ ಹಳೇ ಕಾರು ಅಗ್ಗ ಆಯಿತೇ? ಇಲ್ಲ, ಕೊಂಡದ್ದಕ್ಕಿಂತ ಜಾಸ್ತಿಗೆ ಮಾರಿದವರಿದ್ದಾರೆ. ಹೊಸದು ಬರುವುದಿಲ್ಲ ಎಂದರೆ ಹಳೆಯದಕ್ಕೆ ಬೆಲೆ ಏರದೆ ಇನ್ನೇನಾಗುತ್ತದೆ? 2025ರ ಫೆಬ್ರವರಿಯಲ್ಲಿ ಖಾಸಗಿ ಕಾರಿಗೆ ಮತ್ತೆ ಬಾಗಿಲು ತೆರೆಯುವ ತನಕ ಅದೇ ಕತೆ.

ಬಾಂಗ್ಲಾದೇಶದ್ದು ಇನ್ನೂ ಮಜಾ. ಅಲ್ಲಿ ಸಂಸದರಿಗೆ ಸುಂಕ ಕಟ್ಟದೆ ಕಾರು ತರಿಸುವ ಸೌಲಭ್ಯ ಇತ್ತು. 2024ರ ಆಗಸ್ಟ್ 5ಕ್ಕೆ ಪ್ರಧಾನಿ ದೇಶ ಬಿಟ್ಟರು, ಸಂಸತ್ತು ವಿಸರ್ಜನೆ ಆಯಿತು, ಸಂಸದರು ಮಾಜಿಗಳಾದರು. ಅವರು ತರಿಸಿದ್ದ ಲ್ಯಾಂಡ್ ಕ್ರೂಸರ್‌ಗಳು ಚಿತ್ತಗಾಂಗ್ ಬಂದರಿನಲ್ಲೇ ನಿಂತವು. ಕಸ್ಟಮ್ಸ್‌ನವರು ಹರಾಜು ಕರೆದರೆ ಸರಿಯಾದ ಬೆಲೆಗೆ ಕೂಗುವವರೇ ಇರಲಿಲ್ಲ. ಸರ್ಕಾರ ಬಿದ್ದಾಗ ಕಾರು ಬೀಳುವುದು ಹೀಗೆ. ಧೂಳು ತಿನ್ನುತ್ತಾ ಬಂದರಿನಲ್ಲಿ ನಿಲ್ಲುತ್ತದೆ, ಯಾರ ಕೈಗೂ ಸಿಗುವುದಿಲ್ಲ.

ಇದೆಲ್ಲ ಓದಿ ತಿಳಿದದ್ದು. ಮನೆಯಲ್ಲಿ ನೋಡಿ ತಿಳಿದದ್ದೂ ಒಂದಿದೆ.

ನಮ್ಮ ದೊಡ್ಡಪ್ಪ 1962ರಲ್ಲಿ ಒಂದು ಕಾರು ತಂದರು. ಆಗ ಹೊಸ ಅಂಬಾಸಿಡರ್‌ಗೋ ಫಿಯೆಟ್‌ಗೋ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಪಕ್ಕದ ಗೋವಾದಲ್ಲಿ ಪೋರ್ಚುಗೀಸರ ಕಾಲಕ್ಕೆ ಬೆಂಜ್ ಕಾರೇ ಟ್ಯಾಕ್ಸಿ. 1961ರ ಡಿಸೆಂಬರ್ 19ಕ್ಕೆ ಗೋವಾ ಭಾರತಕ್ಕೆ ಸೇರಿತು. ಅದರ ಹಿಂದೆಯೇ ಮಂಗಳೂರಿನ ದಲ್ಲಾಳಿಗಳು ಮಡಗಾಂವಿಗೆ ಓಡಿದರು. ಲಿಸ್ಬನ್‌ಗೆ ಹೊರಟ ಒಂದು ಮನೆಯವರ ಕಪ್ಪು ಬೆಂಜ್, ಡೀಸೆಲ್ಲಿನದು, ನಮ್ಮ ದೊಡ್ಡಪ್ಪನ ಪಾಲಿಗೆ ಬಂತು. 'ಹೊರಟವರಿಗೆ ಅವಸರ, ನಮಗೆ ಲಾಭ' ಎಂದು ದಲ್ಲಾಳಿ ಹೇಳಿದ್ದನ್ನು ದೊಡ್ಡಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರಂತೆ. ನಿಮ್ಮ ಏಜೆಂಟನ ಅಜ್ಜನೇ ಇರಬೇಕು ಆ ದಲ್ಲಾಳಿ.

ಮುಂದಿನ ಸೀಟಿನ ಎದುರಿನ ಡಬ್ಬಿ ತೆಗೆದರೆ ಒಳಗೆ ಮಗುವಿನ ಒಂದು ಕಾಲಿನ ಬೂಟು ಇತ್ತು. ಪೋರ್ಚುಗೀಸ್ ಭಾಷೆಯ ಏನೋ ಚೀಟಿ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಒಂದು ಸಣ್ಣ ಪಟ. ದೊಡ್ಡಮ್ಮ ಪಟವನ್ನು ಒರೆಸಿ ದೇವರ ಕೋಣೆಯಲ್ಲಿ ಇಗ್ಗುತ್ತಪ್ಪನ ಪಟದ ಪಕ್ಕ ಇಟ್ಟರು. ಬೂಟನ್ನು ಏನು ಮಾಡುವುದೆಂದು ಗೊತ್ತಾಗದೆ ಅಲ್ಲೇ ವಾಪಸ್ ಇಟ್ಟರು. ಆ ಕಾರಿನಲ್ಲಿ ಅವರು ಕೂತದ್ದು ಎರಡೇ ಸಲ. 'ಬೇರೆಯವರ ಮನೆ ಒಳಗೆ ಕೂತ ಹಾಗೆ ಆಗುತ್ತೆ' ಅನ್ನುತ್ತಿದ್ದರು.

ಐದನೇ ಮಳೆಗಾಲಕ್ಕೆ ಡೀಸೆಲ್ ಪಂಪು ಕೈಕೊಟ್ಟಿತು. ಪಾರ್ಟ್ಸ್ ಬೊಂಬಾಯಿಯಲ್ಲೂ ಇಲ್ಲ. ಕೊಟ್ಟಿಗೆಯಲ್ಲಿ ನಿಂತ ಗಾಡಿ ಮತ್ತೆ ಏಳಲಿಲ್ಲ. ನಾನು ಬುದ್ಧಿ ಬಂದ ಮೇಲೆ ನೋಡಿದ್ದು ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಕೋಳಿಯನ್ನು. ಡಬ್ಬಿಯಲ್ಲಿ ಬೂಟು ಆಗಲೂ ಇತ್ತು. ಇಲಿ ಅದರ ನಾಲಿಗೆ ತಿಂದಿತ್ತು.

ಅಲ್ಲಿಂದ ಹಿಡಿದದ್ದು ನನ್ನ ಈ ಹಠ. ಪಕ್ಕದ ಮನೆಯ ಮಾಡು ಬಿದ್ದಾಗ ಹೆಂಚು ಎಣಿಸಲು ಹೋಗಬಾರದು ಅನ್ನುವವನು ನಾನು. ಹಳೇ ಕಾಲದವನು ಅನ್ನಿ, ಪರವಾಗಿಲ್ಲ. ಆದರೆ 2018ರ ಆಗಸ್ಟ್ ನಿಮಗೂ ನೆನಪಿರಬೇಕು. ನಿಮ್ಮ ತಾಲ್ಲೂಕೂ ನೊಂದದ್ದೇ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಎಲ್ಲೆಲ್ಲೂ ಬೆಟ್ಟ ಕರಗಿ ಇಳಿಯಿತು. ನನ್ನ ಚಿಕ್ಕಪ್ಪನ ಮಗನ ತೋಟ ಅರ್ಧ ಹೋಯಿತು. ಅವನು ಮಡಿಕೇರಿಯಲ್ಲಿ ನಮ್ಮ ಮನೆಯಲ್ಲಿದ್ದ. ಮೂರನೇ ವಾರಕ್ಕೆ ಒಬ್ಬರು ಬೆಂಗಳೂರಿನಿಂದ ದೊಡ್ಡ ಗಾಡಿಯಲ್ಲಿ ಬಂದರು. ಶೂಸ್ ಬಿಚ್ಚದೆ ಜಗಲಿಯಲ್ಲಿ ಕೂತು, 'ಮಣ್ಣು ಬಿದ್ದ ಜಾಗ ಎಕರೆ ಹೆಂಗೆ ಕೊಡ್ತೀರ?' ಎಂದು ಕೇಳಿದರು. ಅವರಿಗೂ ಯಾರೋ ಹೇಳಿರಬೇಕು, ಬೆಟ್ಟ ಬಿದ್ದಿದೆ, ರೇಟೂ ಬಿದ್ದಿದೆ ಎಂದು. ನನ್ನ ತಮ್ಮ ಏನೂ ಹೇಳದೆ ಒಳಗೆ ಹೋಗಿ ಕಾಫಿ ತಂದು ಕೊಟ್ಟ. ಅವರು ಹೋದ ಮೇಲೆ ಆ ಲೋಟವನ್ನು ಎರಡೆರಡು ಸಲ ತೊಳೆದ.

ಸಂಪಾದಕರು ಕಾರಿನಿಂದ ಎಲ್ಲಿಗೋ ಹೋದರು ಎಂದು ನೀವು ಗೊಣಗುತ್ತಿರಬಹುದು. ಬಂದೆ, ತಡೆಯಿರಿ.

ನಮ್ಮ ಆಫೀಸಿನ ಕೆಳಗಿನ ಹೋಟೆಲಿನಲ್ಲಿ ನೇಪಾಳದ ಒಬ್ಬ ಹುಡುಗ ಅಡುಗೆಗಿದ್ದಾನೆ. 2025ರ ಸೆಪ್ಟೆಂಬರ್ 4ಕ್ಕೆ ಅಲ್ಲಿಯ ಸರ್ಕಾರ ವಾಟ್ಸಾಪ್, ಫೇಸ್‌ಬುಕ್ ಎಲ್ಲ ಸೇರಿ 26 ಆ್ಯಪ್ ನಿಲ್ಲಿಸಿತಲ್ಲ, ಅವನಿಗೆ ಮನೆಯ ಸುದ್ದಿಯೇ ನಿಂತಿತು. 8ನೇ ತಾರೀಕು ಹುಡುಗರು ಬೀದಿಗೆ ಬಂದರು, ಗೋಲಿಬಾರ್ ಆಯಿತು, ಒಂದೇ ದಿನ 19 ಜನ ಸತ್ತರು. ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಸರ್ಕಾರದ ಕಚೇರಿಗಳಿದ್ದ ಸಿಂಹ ದರ್ಬಾರ್ ಹೊತ್ತಿ ಉರಿಯಿತು. ಈ ಹುಡುಗ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ದೋಸೆ ಮಗುಚುತ್ತಿದ್ದ. ದೋಸೆ ಸೀದದ್ದಕ್ಕೆ ಗಿರಾಕಿಯೊಬ್ಬರು ಬೈದರು. 12ಕ್ಕೆ ಸುಶೀಲಾ ಕಾರ್ಕಿ ಅವರು ಮಧ್ಯಂತರ ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡ ದಿನ ಅವನು ನನಗೆ ದುಡ್ಡಿಲ್ಲದೆ ಟೀ ಕೊಟ್ಟ. ನಿಮ್ಮ ಏಜೆಂಟನಿಗೆ ಆ ವಾರ ಕಂಡದ್ದು ಪ್ರಾಡೊ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ತೋಟದ ಕೂಲಿಯವರ ಲೈನ್ ಮನೆಗೆ ಅಸ್ಸಾಮಿನಿಂದ ಕೆಲಸಕ್ಕೆ ಜನ ಬಂದರೆ ಏನು ಮಾಡುತ್ತೀರಿ? ಆಧಾರ್ ತೋರಿಸು, ಜೆರಾಕ್ಸ್ ಕೊಡು, ಯಾವ ಜಿಲ್ಲೆ, ಅಪ್ಪನ ಹೆಸರೇನು, ಬಾಂಗ್ಲಾದವನಾ? ಕೇಳಬೇಡಿ ಅನ್ನುತ್ತಿಲ್ಲ. ಮನುಷ್ಯ ಗಡಿ ದಾಟಿ ಬಂದರೆ ಕಾಗದ ಕೇಳುತ್ತೀರಿ, ಕಾರು ಬಂದರೆ ಬಣ್ಣ ಕೇಳುತ್ತೀರಿ. ನಿಮ್ಮೊಬ್ಬರದಲ್ಲ, ಈಗ ಜಿಲ್ಲೆಯೆಲ್ಲ ಹೀಗೇ ಆಗಿದೆ.

ಕಾಗದದ ಬೆಲೆ ಗೊತ್ತಾಗಬೇಕಾದರೆ ಕೇರಳ ಗಡಿಯ ಮಾಕುಟ್ಟ ದಾಟಿದರೆ ಸಾಕು. 2025ರ ಸೆಪ್ಟೆಂಬರ್ 23ಕ್ಕೆ ಕೇರಳದಲ್ಲಿ ಕಸ್ಟಮ್ಸ್‌ನವರು 'ಆಪರೇಷನ್ ನುಮ್‌ಖೋರ್' ಎಂದು ದಾಳಿ ಮಾಡಿದರು. ಭೂತಾನಿನ ಜೊಂಗ್ಖಾ ಭಾಷೆಯಲ್ಲಿ ನುಮ್‌ಖೋರ್ ಅಂದರೆ ಗಾಡಿ. ಮೊದಲ ದಿನವೇ 36 ಗಾಡಿ ಹಿಡಿದರು. ಭೂತಾನಿನಿಂದ ಕಳ್ಳ ದಾರಿಯಲ್ಲಿ ತಂದು, ನಮ್ಮ ಸೈನ್ಯದ, ರಾಯಭಾರ ಕಚೇರಿಗಳ ಹೆಸರಿನಲ್ಲಿ ಸುಳ್ಳು ಕಾಗದ ಹುಟ್ಟಿಸಿ, ಹಿಮಾಚಲದಂಥ ಕಡೆ ನಂಬರ್ ಮಾಡಿಸಿದ ಗಾಡಿಗಳು ಎಂದು ಕಸ್ಟಮ್ಸ್‌ನವರ ಆರೋಪ. ಕೈಯಲ್ಲಿ ಆರ್‌ಸಿ ಇದ್ದವರ ಗಾಡಿಗಳನ್ನೂ ಬಿಡಲಿಲ್ಲ. ಕಳ್ಳ ದಾರಿಯಲ್ಲಿ ಬಂದದ್ದು ಎಂದಾದರೆ ನೀವು ಎಷ್ಟನೇ ಕೈ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಏಜೆಂಟ್ 'ಪೇಪರ್' ಅಂದಾಗ ಆರ್‌ಸಿ ಅಲ್ಲ, ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಕೇಳಿ. ಸುಂಕ ಕಟ್ಟಿ ಒಳಗೆ ತಂದಿದ್ದರೆ ಅದು ಇದ್ದೇ ಇರುತ್ತದೆ. ಅವನ ಮುಖ ನೋಡಿ ಆಗ.

ನಾನೂ ಒಂದು ಸಲ ಹಳ್ಳಕ್ಕೆ ಬಿದ್ದವನೇ. ಹೊರ ರಾಜ್ಯದ ಒಂದು ಹಳೇ ಜೀಪು ತೆಗೆದುಕೊಂಡೆ. ನಂಬರ್ ಬದಲಿಸಲು ಚಾಸಿ ಪ್ರಿಂಟ್ ಬೇಕು. ಬ್ರೋಕರ್ ಹುಡುಗ ಮುಂದಿನ ಚಕ್ರದ ಹತ್ತಿರ ಮಲಗಿ, ಚಾಸಿಯ ಕೆಸರು ಕೆರೆದು, ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ. ಅಂಕಿ ಒಂದೊಂದಾಗಿ ಬೆಳ್ಳಗೆ ಮೂಡಿದವು. ಆರನೆಯದಕ್ಕೆ ಬಂದು ಕೈ ನಿಲ್ಲಿಸಿದ. 'ಸಾರ್, ಈ ಮೂರು ಎಂಟಾಗಿದೆ' ಎಂದ. ಯಾರೋ ಮೂರನ್ನು ಉಳಿಯಿಂದ ಎಂಟು ಮಾಡಿದ್ದರು. ಎರಡು ವರ್ಷ ಓಡಾಡಿದೆ. ಜೀಪು ಗುಜರಿಗೆ ಹೋಯಿತು. ಮಾರಿದವನ ಫೋನ್ ಇವತ್ತಿಗೂ ಸ್ವಿಚ್ ಆಫ್.

ಹಾಗಾದರೆ ಏನು ತೆಗೆದುಕೊಳ್ಳಲಿ ಎಂದು ಕೇಳುತ್ತೀರಿ. ಸೈನ್ಯದ ಹರಾಜಿನಲ್ಲಿ ಬಂದ ಮಾರುತಿ ಜಿಪ್ಸಿ ಹುಡುಕಿ, ಹರಾಜಿನ ಕಾಗದ ಸಮೇತ. ಮನೆಗೊಬ್ಬ ಸೈನಿಕ ಅನ್ನುವ ಜಿಲ್ಲೆ ನಮ್ಮದು, ಅಸಲಿ ಕಾಗದ ಯಾವುದು ಎಂದು ಹೇಳಲು ಒಬ್ಬ ನಿವೃತ್ತ ಸುಬೇದಾರರಾದರೂ ನಿಮ್ಮ ಊರಲ್ಲಿರುತ್ತಾರೆ. ಇಲ್ಲವೇ ಹಳೇ ಮಹೀಂದ್ರಾ ಜೀಪು. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಏರುವವು ಅವೇ ಅಲ್ವಾ? ಕೆಟ್ಟರೆ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಸಂಜೆಯೊಳಗೆ ಸರಿ ಮಾಡಿ ಕೊಡುವವರು ಇನ್ನೂ ಇದ್ದಾರೆ. ಇನ್ನೆಷ್ಟು ದಿನ ಇರುತ್ತಾರೋ. ಅವರ ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ ಲ್ಯಾಪ್‌ಟಾಪ್ ಜೋಡಿಸುವ ಯಂತ್ರದ ಮುಂದೆ ನಿಂತಿದ್ದಾರೆ. ಅದು ಇನ್ನೊಂದು ಸಂಚಿಕೆಗೆ ಇರಲಿ.

ಕೊನೆಗೆ ನಿಮ್ಮ ಫೋಟೋ. ಕಠ್ಮಂಡುವಿನ ಮನೆಯ ಮುಂದೆ ನಿಲ್ಲಿಸಿ ತೆಗೆದದ್ದು ಎಂದು ಹಿಂದೆ ಬರೆದಿದ್ದೀರಿ. ಬಿಳಿ ಪ್ರಾಡೊ, ನಂಬರ್ ಪ್ಲೇಟಿಗೆ ಕಪ್ಪು ಟೇಪು. ನಾನು ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದೆ. ಕಾಂಪೌಂಡಿನ ಹಿಂದೆ, ಬಲಗಡೆ ಮೇಲೆ, ಗೊನೆ ತುಂಬ ಕಾಯಿ ಬಿಟ್ಟ ತೆಂಗಿನ ಮರ ಬಾಗಿಕೊಂಡಿದೆ. ಮಡಿಕೇರಿಗಿಂತ ಎತ್ತರದ ಊರು ಕಠ್ಮಂಡು, ಚಳಿಗಾಲದಲ್ಲಿ ಮಂಜುಗಟ್ಟುವ ಜಾಗ. ಅಡ್ವಾನ್ಸ್ ಕೊಟ್ಟಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಫೋನಿನಲ್ಲಿ ಕಳಿಸಿದ್ದರೆ ಈ ಪುಟ ಮುಚ್ಚುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಫೋಟೋವನ್ನು ಈ ಸಂಚಿಕೆಯ ಜೊತೆ ವಾಪಸ್ ಕಳಿಸಿದ್ದೇನೆ. ಮರದ ಸುತ್ತ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ. ನಿಮ್ಮ ಮನೆಯವರಿಗೂ ತೋರಿಸಿ.