ಟಾರ್ಪಾಲಿನ ಸಾಲಲ್ಲಿ ಹವಾಮಾನದ ಪಾಠ

ತುಮಕೂರು ಜಿಲ್ಲೆಯ ಓದುಗರೊಬ್ಬರ ಪತ್ರ: 'ಹವಾಮಾನ ಬದಲಾವಣೆಯ ಪಾಠ ರೈತ ಸಂಪರ್ಕ ಕೇಂದ್ರದಿಂದಲೇ ಶುರುವಾಗಲಿ ಎಂದು ಬರೆದಿದ್ದೀರಿ. ನಮ್ಮ ಹೋಬಳಿ ಕೇಂದ್ರದಲ್ಲಿ ಬೀಜ, ಟಾರ್ಪಾಲು ಬಿಟ್ಟು ಬೇರೇನು ಸಿಗುತ್ತದೆ? ಇರುವ ಒಬ್ಬ ಅಧಿಕಾರಿ ಪಹಣಿ, ಆಧಾರ್ ನೋಡುವುದರಲ್ಲೇ ಹೈರಾಣ. ಪಾಠ ಮಾಡುವವರಾರು, ಸ್ವಾಮಿ?'

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯದ್ದೇ. 'ಪಾಠ' ಎಂದು ಬರೆದದ್ದು ನಮ್ಮ ತಪ್ಪು; ಅದು ಬ್ಯಾನರು, ಭಾಷಣ, ಟೀ-ಬಿಸ್ಕತ್ತನ್ನು ನೆನಪಿಸುತ್ತದೆ. ಮಳೆ ಕೈಕೊಟ್ಟಾಗ ರೈತ ಕೇಳುವುದು ಒಂದೇ: ಈಗ ಏನು ಬಿತ್ತಲಿ?

ಉತ್ತರ ಆಗಲೇ ಬರೆದಿಟ್ಟಿದೆ. ಮುಂಗಾರು ಎರಡು ವಾರ ತಡವಾದರೆ ಇದು, ನಾಲ್ಕು, ಆರು, ಎಂಟು ವಾರವಾದರೆ ಅದು ಎಂದು ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆ ಜಿಲ್ಲಾವಾರು ಬದಲಿ ಯೋಜನೆ ಸಿದ್ಧಮಾಡಿದೆ. ಇಂಗ್ಲಿಷ್ ಕೋಷ್ಟಕಗಳಲ್ಲಿ! ರಾಗಿಯನ್ನೇ ನೋಡಿ. ಎಂಆರ್-6 ನಾಲ್ಕು ತಿಂಗಳ ತಳಿ, ಜುಲೈ ದಾಟಿದರೆ ಬಿತ್ತಬಾರದು. ಆಮೇಲೆ ಜಿಪಿಯು-28, ಅದಕ್ಕೂ ಹೊತ್ತು ಮೀರಿದರೆ ನೂರು ದಿನದೊಳಗೆ ಕೊಯ್ಲಿಗೆ ಬರುವ ಜಿಪಿಯು-48. ಅದೂ ಆಗದಿದ್ದರೆ ಹುರುಳಿ.

ಒಮ್ಮೆ ಆಶ್ಲೇಷ ಮಳೆಯ ಕಾಲಕ್ಕೆ ಒಂದು ಕೇಂದ್ರಕ್ಕೆ ಹೋಗಿದ್ದೆ. ಗೋಡೆಯ ಕರಿಹಲಗೆಯಲ್ಲಿ ಜೂನ್ ತಿಂಗಳ ದರಪಟ್ಟಿ. ಗೋದಾಮಿನಲ್ಲಿ ಉಳಿದದ್ದೆಲ್ಲ ದೀರ್ಘಾವಧಿ ತಳಿಯ ಚೀಲಗಳೇ. ಅಲ್ಲಿ ನಿಂತು ಅಲ್ಪಾವಧಿ ತಳಿ ಬಿತ್ತಿ ಎಂದು ಬೋಧಿಸಿದ್ದರೆ ಜನ ನಕ್ಕುಬಿಡುತ್ತಿದ್ದರು. ನನ್ನ ಲೆಕ್ಕದಲ್ಲಿ ಹವಾಮಾನ ಶಿಕ್ಷಣದ ಮೊದಲ ಪುಟ ಬೀಜದ ಇಂಡೆಂಟು, ಅಂದರೆ ಯಾವ ತಳಿಯ ಬೀಜ ಎಷ್ಟು ಬೇಕೆಂದು ಮುಂಚೆಯೇ ಸಲ್ಲಿಸುವ ಬೇಡಿಕೆಪಟ್ಟಿ. ಬೇಸಿಗೆಯಲ್ಲಿ ಇಂಡೆಂಟು ಹಾಕುವಾಗಲೇ ತಡ ಮುಂಗಾರಿಗೂ ಒಂದು ಪಾಲು ತೆಗೆದಿಟ್ಟರೆ ಆಗಸ್ಟಿನಲ್ಲಿ ಅಧಿಕಾರಿಯ ಮಾತಿಗೆ ತೂಕ ಬರುತ್ತದೆ. ಮಳೆ ಕೈಕೊಟ್ಟ 2023ರ ಆಗಸ್ಟ್ ಮರೆತಿಲ್ಲವಷ್ಟೆ? ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು.

ನಿಮ್ಮ ಜಿಲ್ಲೆಯದೇ ಉದಾಹರಣೆ ಇದೆ: ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿ. ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರು ಅಲ್ಲಿ ಕೃಷಿಹೊಂಡ, ಬರ ತಡೆಯುವ ರಾಗಿ, ಊರಿನದೇ ಸಮಿತಿ, ಎಲ್ಲವನ್ನೂ ಒಟ್ಟಿಗೆ ಮಾಡಿ ನೋಡಿದ್ದಾರೆ. ವಿಜ್ಞಾನಿಗಳ ಜೀಪು ಆಗಾಗ ಬಂದುಹೋಗುವ ದತ್ತು ಊರದು, ನಿಮ್ಮೂರಿಗೆ ಆ ಯೋಗವಿಲ್ಲ ಎನ್ನುವಿರಿ, ಒಪ್ಪಿದೆ. ಆದರೆ ಮಂಗಳವಾರ, ಶುಕ್ರವಾರ ಬರುವ ಹವಾಮಾನ ಆಧಾರಿತ ಕೃಷಿ ಸಲಹೆಯನ್ನು ಆ ಕರಿಹಲಗೆಗೆ ಇಳಿಸಲು ಜೀಪು ಬೇಡ, ಸೀಮೆಸುಣ್ಣ ಸಾಕು.

ಮುಂದಿನ ಸಲ ಸಾಲಿನಲ್ಲಿ ನಿಂತಾಗ ಆಗಸ್ಟಿಗೆ ಯಾವ ತಳಿ ತರಿಸಿದ್ದೀರಿ ಎಂದು ಕೇಳಿ. ಬಂದ ಉತ್ತರ ಬರೆದು ಕಳಿಸಿ, ಅಚ್ಚು ಹಾಕುತ್ತೇವೆ.