ಮಗ್ಗದ ಸದ್ದು, ಮಗಳ ಮಾತು

ಪ್ರಶ್ನೆ: ನಮ್ಮದು ದೊಡ್ಡಬಳ್ಳಾಪುರ. ಮನೆಗೆ ಅಂಟಿಕೊಂಡೇ ನಾಲ್ಕು ಪವರ್‌ಲೂಮ್ ಇವೆ, ನಮ್ಮ ಮನೆಯವರು 18 ವರ್ಷದಿಂದ ಓಡಿಸುತ್ತಿದ್ದಾರೆ. ಈಚೆಗೆ ಮಗಳು ಏನು ಹೇಳಿದರೂ ‘ಬಾಯಿ ಬಿಟ್ಟು ಮಾತಾಡು’ ಅಂತ ರೇಗುತ್ತಾರೆ. ರಾತ್ರಿ ಮಗ್ಗ ನಿಂತ ಮೇಲೂ ಕಿವಿಯಲ್ಲಿ ಗುಂಯ್ ಅನ್ನುತ್ತದಂತೆ, ನಿದ್ದೆ ಇಲ್ಲ. ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ, ಅಷ್ಟು ಸಾಕಾ?
- ಒಬ್ಬ ಓದುಗರು

ಉತ್ತರ: ಸಾಲದಮ್ಮ. ಹತ್ತಿ ಇಟ್ಟರೆ ಸದ್ದು ಅಷ್ಟೇನೂ ತಗ್ಗುವುದಿಲ್ಲ.

ಅವರ ರೇಗಾಟವನ್ನು ಬರೀ ಸಿಟ್ಟು ಅಂದುಕೊಳ್ಳಬೇಡಿ. ಲಾಳಿ ಅತ್ತಿಂದಿತ್ತ ಬಡಿಯುವ ಶೆಡ್ಡಿನಲ್ಲಿ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್ ದಾಟಿರುತ್ತದೆ. ದಿನಕ್ಕೆ 8 ಗಂಟೆ ಕೆಲಸ ಮಾಡುವವರಿಗೆ ತಜ್ಞರು ಹಾಕಿರುವ ಗೆರೆ 85. ಅಲ್ಲಿಂದ 3 ಡೆಸಿಬೆಲ್ ಏರಿದಾಗಲೆಲ್ಲ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ, ಕಿವಿ ತಡೆಯುವ ಹೊತ್ತು ಅರ್ಧಕ್ಕಿಳಿಯುತ್ತದೆ, ಅಂದರೆ 94 ಇದ್ದರೆ ಒಂದೇ ಗಂಟೆಗೆ ಕಿವಿ ಆ ದಿನಕ್ಕೆ ತಡೆದುಕೊಳ್ಳಬಹುದಾದ ಪಾಲು ಮುಗಿದುಹೋಯಿತು.

ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಕೋಶಗಳಿವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀರಲು ಸದ್ದು ಹಿಡಿಯುವವು, ಹಾಗಾಗಿ ಮಗಳ ದನಿ ಕೇಳಿಸುತ್ತದೆ, ಆದರೆ ಅದರೊಳಗಿನ ಸ, ಶ, ತ, ಕ ಜಾರಿಹೋಗುತ್ತವೆ, ಅವಳು ‘ಸಾಲ’ ಅಂದಳೋ ‘ಕಾಲ’ ಅಂದಳೋ ತಿಳಿಯುವುದಿಲ್ಲ. ಇಡೀ ದಿನ ಹೀಗೆ ಊಹಿಸಿ ಊಹಿಸಿ ತಲೆ ದಣಿದರೆ ಯಾರಿಗಾದರೂ ರೇಗುತ್ತದೆ, ಅಲ್ವಾ? ಗದ್ದಲದಲ್ಲಿ ವರ್ಷಗಟ್ಟಲೆ ದುಡಿದವರಿಗೆ ಬಿಪಿ ಏರುವುದೂ ಉಂಟು, ಅದನ್ನೂ ನೋಡಿಸಿ.

ಮೆಡಿಕಲ್ ಶಾಪಿನಲ್ಲಿ ಫೋಮ್ ಇಯರ್‌ಪ್ಲಗ್ ಕೇಳಿ. ಸುಮ್ನೆ ಕಿವಿಯ ಬಾಯಿಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಕೈ ತೊಳೆದು, ಬತ್ತಿ ಹೊಸೆದ ಹಾಗೆ ಅದನ್ನು ಬೆರಳಲ್ಲಿ ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತೂರಿಸಿ, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಮಗ್ಗ ಓಡುವಷ್ಟು ಹೊತ್ತೂ ಇರಲಿ, ನಡುವೆ ತೆಗೆದು ಹಾಕಿ ಮಾಡಿದರೆ ಲಾಭ ತುಂಬ ಕಮ್ಮಿ.

ಕಿವಿ ಪರೀಕ್ಷೆ ತಡ ಮಾಡಬೇಡಿ. ಇಎನ್‌ಟಿ ಡಾಕ್ಟರ ಹತ್ತಿರ ಆಡಿಯೋಗ್ರಾಮ್, ಅಂದರೆ ಎಷ್ಟು ಕೇಳಿಸುತ್ತದೆ ಅಂತ ಅಳೆಯುವ ಪರೀಕ್ಷೆ, ಮಾಡಿಸಿ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ಆಗುತ್ತದೆ. ಹಿಂದಿನ ರಾತ್ರಿಯಿಂದ ಮಗ್ಗದ ಹತ್ತಿರ ಹೋಗದೆ ಬೆಳಿಗ್ಗೆ ಹೋಗಿ, ಆಗಲೇ ಸರಿಯಾಗಿ ತಿಳಿಯುವುದು. ಹೋದದ್ದು ವಾಪಸ್ ಬರುವುದಿಲ್ಲ, ಆದರೆ ಉಳಿದಿರುವುದನ್ನು ಖಂಡಿತ ಕಾಪಾಡಿಕೊಳ್ಳಬಹುದು. ಬೇಕಿದ್ದರೆ ಶ್ರವಣ ಸಾಧನವೂ ಇದೆ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಮಗಳು ಎಲ್ಲಿ ಕೂತು ಓದುತ್ತಾಳೆ ಅಂತ ನೀವು ಬರೆದಿಲ್ಲ. ಮಗ್ಗದ ಗೋಡೆ ಪಕ್ಕವಾದರೆ ಇವತ್ತೇ ಜಾಗ ಬದಲಿಸಿ. ಅಪ್ಪನ ಬೆನ್ನ ಹಿಂದೆ ನಿಂತು ಕೂಗುವುದು ಬೇಡ, ಎದುರಿಗೆ ಬಂದು ಮುಖ ಕಾಣುವ ಹಾಗೆ ನಿಧಾನ ಮಾತಾಡು ಅಂತ ಅವಳಿಗೆ ಹೇಳಿ.